ಹೆಸರು, ಊರು, ಊಟ... ಇನ್ನೇನು ಕೇಳಬೇಕು?

ಬೆಳಗಿನ ಎಂಟೂವರೆ. ಕಾಲೇಜಿನ ಹೆಬ್ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ಶಾಮಿಯಾನ. ಎರಡು ದಿನಗಳ ಅಂತರ ಕಾಲೇಜು ವಿಜ್ಞಾನ ಮೇಳಕ್ಕೆ ಸುತ್ತಮುತ್ತಲ ತಾಲ್ಲೂಕುಗಳಿಂದ ಹುಡುಗ ಹುಡುಗಿಯರು ಬಸ್ಸಿಳಿದು ಬರುತ್ತಿದ್ದಾರೆ. ಕೆಲವರ ಕೈಯಲ್ಲಿ ಥರ್ಮೋಕೋಲಿನ ಅಣೆಕಟ್ಟು, ಕೆಲವರ ಕಂಕುಳಲ್ಲಿ ಸುತ್ತಿಟ್ಟ ಚಾರ್ಟು. ನೋಂದಣಿ ಮೇಜಿನ ಮುಂದೆ ಆಗಲೇ ಸಾಲು ಬೆಳೆದಿದೆ. ಸಾಲು ಮಾತ್ರ ಮುಂದೆ ಸರಿಯುತ್ತಿಲ್ಲ.

'ನಿಮ್ಮ ಹೆಸರು ಪಟ್ಟಿಯಲ್ಲೇ ಇಲ್ವಲ್ಲ' ಎನ್ನುತ್ತಾನೆ ಮೇಜಿನ ಹಿಂದಿನ ಸ್ವಯಂಸೇವಕ. ಹೆಸರು ಇದೆ. ಆದರೆ ಅದು ಆ ಹುಡುಗಿಯ ಊರಿನ ಹೆಸರಿನ ಮೊದಲಕ್ಷರ ಹಿಡಿದು ಇನ್ನೆಲ್ಲೋ ನಾಲ್ಕನೇ ಹಾಳೆಯಲ್ಲಿ ಕೂತಿದೆ. ಪಕ್ಕದಲ್ಲಿ ಕಾಲಿಗೆ ಕ್ಯಾಲಿಪರ್ ಹಾಕಿಕೊಂಡ ಹುಡುಗನೊಬ್ಬ, ರಸಪ್ರಶ್ನೆ ಎರಡನೇ ಮಹಡಿಯಲ್ಲಿ ಎಂದು ತಿಳಿದು ಸುಮ್ಮನೆ ಮೆಟ್ಟಿಲುಗಳ ಕಡೆ ನೋಡುತ್ತಿದ್ದಾನೆ. ರಾತ್ರಿ ಉಳಿಯುವ ಹುಡುಗಿಯರು ಎಷ್ಟು ಮಂದಿ ಎಂದು ಹಾಸ್ಟೆಲಿನ ವಾರ್ಡನ್ ಬಂದು ಕೇಳುತ್ತಿದ್ದಾರೆ. ಅತ್ತ ಅಡುಗೆಮನೆಯಿಂದ ಮೂರನೇ ಸಲ ಕೂಗು: 'ರಾತ್ರಿಗೆ ಎಷ್ಟು ಎಲೆ, ಯಾರಾದರೂ ಹೇಳ್ರಪ್ಪಾ!'

ಯಾರಿಗೂ ಗೊತ್ತಿಲ್ಲ. ಇಷ್ಟಕ್ಕೂ ಇವರೆಲ್ಲರೂ ಒಂದು ತಿಂಗಳ ಹಿಂದೆಯೇ ಎರಡು ಪುಟದ ನೋಂದಣಿ ನಮೂನೆಯನ್ನು ಭರ್ತಿ ಮಾಡಿ ಕಳುಹಿಸಿದವರು. ಆ ನಮೂನೆಯಲ್ಲಿ ತಂದೆಯ ಉದ್ಯೋಗವನ್ನು ಕೇಳಲಾಗಿತ್ತು. ವಾರ್ಷಿಕ ಆದಾಯ, ಜಾತಿ, ಆಧಾರ್ ಸಂಖ್ಯೆ, ಹವ್ಯಾಸಗಳು, ಕೊನೆಗೆ 'ಈ ಮೇಳದಿಂದ ನಿಮ್ಮ ನಿರೀಕ್ಷೆಗಳೇನು?' ಎಂಬುದನ್ನೂ ಕೇಳಲಾಗಿತ್ತು. ರಾತ್ರಿ ಉಳಿಯುತ್ತೀರಾ, ಮೆಟ್ಟಿಲು ಹತ್ತುವುದು ಕಷ್ಟವೇ ಎಂಬ ಎರಡು ಮಾತನ್ನು ಮಾತ್ರ ಕೇಳಿರಲಿಲ್ಲ!

ಇದು ಯಾವುದೋ ಒಂದು ಕಾಲೇಜಿನ ಕಥೆಯಲ್ಲ. ಚರ್ಚಾಸ್ಪರ್ಧೆ, ಎನ್ನೆಸ್ಸೆಸ್ ಶಿಬಿರ, ಸಾಹಿತ್ಯ ಗೋಷ್ಠಿ, ಯುವಜನೋತ್ಸವ ಹೀಗೆ ಏನನ್ನೇ ಸಂಘಟಿಸಿದವರಿಗೂ ಇದರ ಒಂದಲ್ಲ ಒಂದು ತುಣುಕು ನೆನಪಿರುತ್ತದೆ. ಭಾಷಣಕಾರರು ಯಾರು, ಹಾರ ಯಾವುದು, ಬ್ಯಾನರಿನ ಬಣ್ಣ ಯಾವುದು ಎಂದು ವಾರಗಟ್ಟಲೆ ಚರ್ಚಿಸುವ ವಿದ್ಯಾರ್ಥಿ ಸಂಘಗಳು ನೋಂದಣಿ ನಮೂನೆಗೆ ಕೊಡುವ ಸಮಯ ಅರ್ಧ ಗಂಟೆ. ಅದೂ ರಾತ್ರಿ, ಅದೂ ಕಾರ್ಯದರ್ಶಿಯೊಬ್ಬನೇ ಕೂತು.

ಹಾಗೆ ಕೂತವನು ಮಾಡುವುದಾದರೂ ಏನು? ಕೈಗೆ ಸಿಕ್ಕ ಹಳೆಯ ನಮೂನೆಯೊಂದನ್ನು ಎದುರಿಗಿಟ್ಟುಕೊಳ್ಳುತ್ತಾನೆ. ಹೆಚ್ಚಾಗಿ ಅದು ವಿದ್ಯಾರ್ಥಿವೇತನದ ಅರ್ಜಿಯೋ ಕಾಲೇಜು ಪ್ರವೇಶದ ಅರ್ಜಿಯೋ ಆಗಿರುತ್ತದೆ. ಆದಾಯ, ಜಾತಿ, ತಂದೆಯ ಕಸುಬು ಇವೆಲ್ಲ ಬರುವುದು ಅಲ್ಲಿಂದ. ವಿದ್ಯಾರ್ಥಿವೇತನ ಕೊಡುವವರಿಗೆ ಆ ಮಾಹಿತಿ ಬೇಕು. ಅದರ ಮೇಲೆಯೇ ಅವರ ನಿರ್ಧಾರ ನಿಂತಿರುತ್ತದೆ. ಥರ್ಮೋಕೋಲಿನ ಅಣೆಕಟ್ಟು ನೋಡಿ ಬಹುಮಾನ ಕೊಡುವವರಿಗೆ ಅದರಿಂದ ಆಗಬೇಕಾದ್ದೇನು? ಪಕ್ಕದಲ್ಲಿ ಕೂತ ಗೆಳೆಯ ಈ ಪ್ರಶ್ನೆ ಕೇಳಿದರೆ ಬರುವ ಉತ್ತರ ಒಂದೇ: 'ಇರಲಿ ಬಿಡೋ, ಯಾವುದಕ್ಕಾದರೂ ಬೇಕಾಗಬಹುದು.' ನಮ್ಮ ನಮೂನೆಗಳ ಅರ್ಧದಷ್ಟು ಪ್ರಶ್ನೆಗಳು ಹುಟ್ಟಿದ್ದು ಈ 'ಇರಲಿ ಬಿಡೋ' ಎಂಬ ಮಾತಿನಿಂದ.

ಅಡುಗೆಯವರನ್ನು ಮೊದಲು ಕೇಳಿ

ನಮೂನೆ ಬರೆಯಲು ಕೂರುವ ಮುನ್ನ ಕಾರ್ಯದರ್ಶಿ ಹೋಗಬೇಕಾದ್ದು ಕಂಪ್ಯೂಟರಿನ ಮುಂದಕ್ಕಲ್ಲ, ಅಡುಗೆಮನೆಗೆ. ಅಲ್ಲಿಂದ ವಾರ್ಡನ್ ಬಳಿಗೆ, ಪ್ರಮಾಣಪತ್ರ ಬರೆಯುವವರ ಬಳಿಗೆ, ಬಸ್ ನಿಲ್ದಾಣದಲ್ಲಿ ಎದುರುಗೊಳ್ಳುವ ಸ್ವಯಂಸೇವಕರ ಬಳಿಗೆ. ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ: 'ಆ ದಿನ ನಿಮ್ಮ ಕೆಲಸ ಸಲೀಸಾಗಬೇಕಾದರೆ ಬರುವವರ ಬಗ್ಗೆ ನಿಮಗೆ ಏನು ಗೊತ್ತಿರಬೇಕು? ಯಾವಾಗ ಗೊತ್ತಾಗಬೇಕು?' ಅವರು ಹೇಳಿದ್ದೇ ನಮೂನೆಯ ಪ್ರಶ್ನೆಗಳು. ಕರಡು ಸಿದ್ಧವಾದ ಮೇಲೆ ಪ್ರತಿಯೊಂದು ಪ್ರಶ್ನೆಯ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಒಂದು ಹೆಸರು ಬರೆಯಬೇಕು. ಈ ಉತ್ತರ ಯಾರ ಕೈಗೆ ಹೋಗುತ್ತದೆಯೋ ಅವರ ಹೆಸರು. ಹೆಸರೇ ಹೊಳೆಯದ ಪ್ರಶ್ನೆಗಳನ್ನು ಹೊಡೆದು ಹಾಕುವುದಕ್ಕೆ ಎರಡನೇ ಯೋಚನೆ ಬೇಕಿಲ್ಲ.

ಅಡುಗೆಯ ಲೆಕ್ಕವನ್ನೇ ನೋಡಬಹುದು. ಶಾಲೆಯ ಬಿಸಿಯೂಟದಲ್ಲಿ ಆರರಿಂದ ಎಂಟನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ ಎಂಬುದು ಸರ್ಕಾರದ ಅಳತೆ. ಪಿಯುಸಿ ಹುಡುಗರ ಹಸಿವು ಇದಕ್ಕಿಂತ ದೊಡ್ಡದು ಎಂಬುದು ತಾಯಂದಿರಿಗೆಲ್ಲ ಗೊತ್ತು. ಆದರೂ ಇದನ್ನೇ ಹಿಡಿದರೆ ಇನ್ನೂರು ಮಂದಿಗೆ ಒಂದು ಹೊತ್ತಿಗೆ ಮೂವತ್ತು ಕಿಲೋ ಅಕ್ಕಿ. ಇವರಲ್ಲಿ ಅರವತ್ತು ಮಂದಿ ಸಂಜೆಯ ಬಸ್ಸಿಗೆ ಊರಿಗೆ ಹೋಗಿ ಮರುದಿನ ಬರುವವರಾದರೆ ರಾತ್ರಿಯ ಒಲೆಗೆ ಒಂಬತ್ತು ಕಿಲೋ ಅಕ್ಕಿ ಕಡಿಮೆ ಸಾಕು. ಅದಕ್ಕೆ ತಕ್ಕಂತೆ ಬೇಳೆ, ತರಕಾರಿ, ಮೊಸರು. ತಿಳಿಯದಿದ್ದರೆ ಒಂದೋ ಅನ್ನ ಚರಂಡಿಗೆ, ಇಲ್ಲವೇ ಕೊನೆಯ ಪಂಕ್ತಿಯವರಿಗೆ ಬರೀ ಸಾರು.

'ಊಟ ಮತ್ತು ವಸತಿ ಬೇಕೇ? ಹೌದು / ಇಲ್ಲ' ಎಂಬ ಪ್ರಶ್ನೆ ನಮ್ಮ ನಮೂನೆಗಳಲ್ಲಿ ಬಹಳ ಸಾಮಾನ್ಯ. ನೋಡಲು ಒಂದು, ಒಳಗೆ ಎರಡು! ಊಟ ಬೇಕು, ವಸತಿ ಬೇಡ ಎನ್ನುವವರು ಏನು ಬರೆಯಬೇಕು? 'ಹೌದು' ಎಂದರೆ ಖಾಲಿ ಹಾಸಿಗೆಯೊಂದು ಅವರ ಹೆಸರಿನಲ್ಲಿ ಉಳಿಯುತ್ತದೆ, 'ಇಲ್ಲ' ಎಂದರೆ ಎಲೆಯೊಂದು ಕಡಿಮೆಯಾಗುತ್ತದೆ. ಅಡುಗೆಯವರಿಗೆ ಬೇಕಾದ್ದು ಹೌದು, ಇಲ್ಲಗಳಲ್ಲ. ಶನಿವಾರ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ, ಭಾನುವಾರ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎಂದು ಐದು ಚೌಕಗಳನ್ನಿಟ್ಟು 'ಯಾವ ಯಾವ ಹೊತ್ತಿಗೆ ಇರುತ್ತೀರಿ, ಗುರುತು ಹಾಕಿ' ಎಂದರೆ ಮುಗಿಯಿತು. ಅಂಕಿಗಳನ್ನು ಕೂಡಿದರೆ ಎಲೆಯ ಲೆಕ್ಕ ತಾನಾಗಿ ಸಿಗುತ್ತದೆ.

'ಸಸ್ಯಾಹಾರವೋ ಮಾಂಸಾಹಾರವೋ?' ಎಂಬುದರ ಕಥೆಯೂ ಇಷ್ಟೇ. ಇಡೀ ಮೇಳದಲ್ಲಿ ಮಾಡುವುದೇ ಅನ್ನ, ಸಾರು, ಪಲ್ಯ ಎಂದಾದರೆ ಆ ಪ್ರಶ್ನೆಯನ್ನು ಕೇಳುವುದರಲ್ಲಿ ಅರ್ಥವಿಲ್ಲ. ಮಾಂಸಾಹಾರ ಎಂದು ಬರೆದ ಹುಡುಗ ಎರಡು ದಿನ ದಾರಿ ನೋಡಿಕೊಂಡು ಹೋಗುತ್ತಾನೆ ಅಷ್ಟೆ! ಆದರೆ 'ಯಾವುದನ್ನು ತಿಂದರೆ ನಿಮಗೆ ಆಗುವುದಿಲ್ಲ?' ಎಂಬ ಪ್ರಶ್ನೆ ಬೇರೆ. ಕೆಲವರಿಗೆ ಕಡಲೆಕಾಯಿ ಬೀಜದ ಒಂದು ಕಾಳು ಬಾಯಿಗೆ ಬಿದ್ದರೂ ಉಸಿರು ಕಟ್ಟುತ್ತದೆ. ನಮ್ಮ ಚಿತ್ರಾನ್ನ, ಅವಲಕ್ಕಿಗಳೋ ಕಡಲೆಕಾಯಿ ಬೀಜವಿಲ್ಲದೆ ನಡೆಯುವುದೇ ಇಲ್ಲ. ಜೈನ ಮನೆಯ ಮಕ್ಕಳು ಆಲೂಗಡ್ಡೆ, ಈರುಳ್ಳಿ ಮುಟ್ಟದಿರಬಹುದು. ರಂಜಾನ್ ತಿಂಗಳಲ್ಲಿ ಮೇಳ ಬಿದ್ದರೆ ಸೂರ್ಯ ಮುಳುಗಿದ ಮೇಲೆ ಊಟಕ್ಕೆ ಕೂರುವವರಿಗೆ ತಟ್ಟೆ ತೆಗೆದಿಡಬೇಕು. ಇದೊಂದನ್ನು ಕೇಳಿ, ಬಂದ ಉತ್ತರವನ್ನು ಅಡುಗೆಯವರ ಕೈಗೆ ಕೊಟ್ಟರೆ ಒಂದು ಜೀವದ ಭಯವೇ ತಪ್ಪಬಹುದು.

ಕುವೆಂಪು ಅವರ ಹೆಸರು ಎಲ್ಲಿ ಬರೆಯಬೇಕು?

ನಮೂನೆಯಲ್ಲಿ ಎಲ್ಲಕ್ಕಿಂತ ಸುಲಭ ಎನಿಸುವ, ಎಲ್ಲಕ್ಕಿಂತ ಹೆಚ್ಚು ತಪ್ಪಾಗುವ ಪ್ರಶ್ನೆ 'ಹೆಸರು'. ಇಂಗ್ಲಿಷ್ ನಮೂನೆಗಳನ್ನು ನೋಡಿ 'ಫಸ್ಟ್ ನೇಮ್, ಮಿಡ್ಲ್ ನೇಮ್, ಲಾಸ್ಟ್ ನೇಮ್' ಎಂಬ ಮೂರು ಮನೆಗಳನ್ನು ಇಟ್ಟುಬಿಡುತ್ತೇವೆ. ನಾಲ್ವರು ಹಿರಿಯರನ್ನು ಈ ಮನೆಗಳಲ್ಲಿ ಕೂರಿಸಿ ನೋಡಿದರೆ ಗಮ್ಮತ್ತು ತಿಳಿಯುತ್ತದೆ.

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಮೊದಲು ಊರು, ಆಮೇಲೆ ತಂದೆ, ಕೊನೆಯಲ್ಲಿ ತನ್ನ ಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಮೊದಲು ತನ್ನ ಹೆಸರು, ಆಮೇಲೆ ತಂದೆ, ಕೊನೆಯಲ್ಲಿ ಮನೆತನ. ಕೋಟ ಶಿವರಾಮ ಕಾರಂತ. ಊರು ಮೊದಲು, ತನ್ನ ಹೆಸರು ನಡುವೆ, ಮನೆತನ ಕೊನೆಗೆ. ಇನ್ನು ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪ, ನಮ್ಮ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರು. ಅವರಲ್ಲಿ ಮನೆತನವೇ ಮೊದಲು, ಆಮೇಲೆ ತಂದೆ, ತನ್ನ ಹೆಸರು ಕಟ್ಟಕಡೆಗೆ. ಒಂದೇ ರಾಜ್ಯದ ನಾಲ್ಕು ದಿಕ್ಕು, ನಾಲ್ಕು ಕ್ರಮ! ಆ ಮೂರು ಮನೆಗಳ ನಮೂನೆಗೆ ಸರಿಯಾಗಿ ಹೊಂದುವವರು ಧಾರವಾಡದ ಬೇಂದ್ರೆಯವರೊಬ್ಬರೇ. ಉಳಿದವರನ್ನು 'ಫಸ್ಟ್ ನೇಮ್' ಹಿಡಿದು ಕರೆದರೆ ವೇದಿಕೆಗೆ ಕುಪ್ಪಳಿಯವರೂ ಕೋಟದವರೂ ಬರಬೇಕಾಗುತ್ತದೆ.

ಇದು ನಗೆಯ ಮಾತಾಗಿಯೇ ಉಳಿದರೆ ಚಿಂತೆಯಿಲ್ಲ. ಆದರೆ ಮೇಳದ ಕೊನೆಗೆ ಸಿಗುವ ಪ್ರಮಾಣಪತ್ರದಲ್ಲಿ ಇನಿಷಿಯಲ್ ಹಿಂದುಮುಂದಾದರೆ, ತಂದೆಯ ಹೆಸರೇ ಮಗಳ ಹೆಸರಾಗಿ ಅಚ್ಚಾದರೆ ನಗು ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಬಹುಮಾನದ ಪತ್ರದಲ್ಲಿ ಇನ್ನೊಂದು ಹೆಸರು ಇದ್ದರೆ ಮುಂದೊಂದು ದಿನ ಎಲ್ಲೋ ಒಂದು ಕೌಂಟರಿನಲ್ಲಿ 'ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ತನ್ನಿ' ಎನ್ನುತ್ತಾರೆ. ಅಫಿಡವಿಟ್ ಮಾಡಿಸಲು ನೋಟರಿಯ ಬಾಗಿಲಲ್ಲಿ ನಿಂತ ತಂದೆತಾಯಂದಿರಿಗೆ ಈ ನೋವು ಗೊತ್ತು.

ಮದ್ದು ಸರಳ. ಮೂರು ಮನೆಗಳನ್ನು ಕಿತ್ತು ಒಂದೇ ಉದ್ದ ಗೆರೆ. ಅದರ ಮೇಲೆ: 'ನಿಮ್ಮ ಪೂರ್ಣ ಹೆಸರು, ಪ್ರಮಾಣಪತ್ರದಲ್ಲಿ ಅಚ್ಚಾಗಬೇಕಾದಂತೆ.' ಪತ್ರ ಇಂಗ್ಲಿಷಿನಲ್ಲಿ ಅಚ್ಚಾಗುವುದಾದರೆ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಅಚ್ಚಾಗುವುದಾದರೆ ಕನ್ನಡದಲ್ಲಿ ಬರೆಸಿಕೊಳ್ಳಬೇಕು. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು 'ಕೆ ಎಸ್ ಎಚ್' ಹಾಕುತ್ತಾರೆ, ಇನ್ನೊಬ್ಬರು 'ಎಕ್ಸ್' ಹಾಕುತ್ತಾರೆ. ಊಹಿಸಿ ಬರೆಯುವುದು ಸಂಘಟಕರ ಕೆಲಸವಲ್ಲ. ಕೆಳಗೆ ಇನ್ನೊಂದು ಚಿಕ್ಕ ಗೆರೆ: 'ನಿಮ್ಮನ್ನು ಏನೆಂದು ಕರೆಯಬೇಕು?' ಅದು ಎದೆಯ ಬ್ಯಾಡ್ಜಿಗೆ, ಮತ್ತು ಬೆಳಗಿನ ಪಟ್ಟಿಗೆ. ಪಟ್ಟಿಯನ್ನು ಮೊದಲು ಕಾಲೇಜುವಾರು, ಅದರೊಳಗೆ ಈ ಕರೆಯುವ ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸಿದರೆ ನಾಲ್ಕನೇ ಹಾಳೆಯಲ್ಲಿ ಹುಡುಕುವ ಪರದಾಟವಿಲ್ಲ.

ಉತ್ತರಿಸುವವರ ಮುಖ ನೋಡಿ

ಹೆಸರಿನ ಕೆಳಗೇ ಬರುವುದು 'ತಂದೆಯ ಹೆಸರು'. ಪಕ್ಕದಲ್ಲಿ ಕಡ್ಡಾಯ ಎಂಬ ಗುರುತು. ತಂದೆ ತೀರಿಕೊಂಡ ಮನೆಯ ಹುಡುಗಿ, ತಾಯಿಯೊಬ್ಬಳೇ ಸಾಕಿದ ಹುಡುಗ, ಅಜ್ಜಿಯ ಮನೆಯಲ್ಲಿ ಬೆಳೆದ ಮಗು ಈ ಗೆರೆಯ ಮುಂದೆ ಒಂದು ಗಳಿಗೆ ಪೆನ್ನು ಹಿಡಿದು ನಿಲ್ಲುತ್ತಾರೆ. ಪಾಸ್‌ಪೋರ್ಟ್ ಕೊಡುವ ವಿದೇಶಾಂಗ ಸಚಿವಾಲಯವೇ 2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲಿಸಿ, ಅರ್ಜಿಯಲ್ಲಿ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಹೆಸರಿದ್ದರೆ ಸಾಕು ಎಂದಿತು. ದೇಶ ದಾಟುವುದಕ್ಕೆ ಸಾಕಾದದ್ದು ಚರ್ಚಾಸ್ಪರ್ಧೆಗೆ ಸಾಲದೆ? ನಿಜಕ್ಕೂ ಸಂಘಟಕರಿಗೆ ಬೇಕಾದ್ದು ತಂದೆಯ ಹೆಸರಲ್ಲ, ರಾತ್ರಿ ಹತ್ತಕ್ಕೆ ಮಗುವಿಗೆ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬುದು. ಹಾಗಿದ್ದರೆ ಅದನ್ನೇ ಕೇಳಬೇಕು: 'ತುರ್ತಾದಲ್ಲಿ ಯಾರನ್ನು ಸಂಪರ್ಕಿಸಬೇಕು? ನಿಮಗೆ ಅವರು ಏನಾಗಬೇಕು? ಫೋನ್ ಸಂಖ್ಯೆ?' ಸಾಧ್ಯವಾದರೆ ಎರಡು ಸಂಖ್ಯೆ. ಹೊಲದಲ್ಲಿರುವ ಅಪ್ಪನ ಫೋನಿಗೆ ಸಿಗ್ನಲ್ ಸಿಗದಿದ್ದಾಗ ಪಕ್ಕದ ಮನೆಯ ಸಂಖ್ಯೆಯೇ ಕೈಹಿಡಿಯುವುದು.

ಆದಾಯದ ಪ್ರಶ್ನೆ ಇನ್ನೂ ಕಟು. ಸ್ನೇಹಿತರ ಜೊತೆ ಒಂದೇ ಬೆಂಚಿನಲ್ಲಿ ಕೂತು ನಮೂನೆ ತುಂಬಿಸುವ ಹುಡುಗನಿಗೆ, ಪಕ್ಕದವನ ಕಣ್ಣಿಗೆ ಬೀಳುವಂತೆ 'ಕೂಲಿ' ಎಂದೋ ಒಂದು ಸಣ್ಣ ಅಂಕಿಯನ್ನೋ ಬರೆಯುವುದು ಎಷ್ಟು ಕಷ್ಟ ಎಂಬುದು ಪ್ರಶ್ನೆ ಬರೆದವನಿಗೆ ಹೊಳೆದಿರುವುದಿಲ್ಲ. ಜಾತಿಯ ಕಾಲಂ ಕೂಡ ಹಾಗೆಯೇ. ಮೀಸಲಾತಿಗೆ, ವಿದ್ಯಾರ್ಥಿವೇತನಕ್ಕೆ ಅದರ ಉಪಯೋಗವಿದೆ. ರಸಪ್ರಶ್ನೆಗೆ ಏನೂ ಇಲ್ಲ. ಶುಲ್ಕ ಕೊಡಲಾಗದವರಿಗೆ ರಿಯಾಯಿತಿ ಕೊಡುವ ಮನಸ್ಸು ಸಂಘಟಕರಿಗಿದ್ದರೆ, 'ಶುಲ್ಕದಲ್ಲಿ ರಿಯಾಯಿತಿ ಬೇಕಾದವರು ನಿಮ್ಮ ಅಧ್ಯಾಪಕರ ಮೂಲಕ ತಿಳಿಸಿ' ಎಂಬ ಒಂದು ಸಾಲು ಸಾಕು. ಇನ್ನೂರು ಮಂದಿಯ ಆದಾಯವನ್ನು ಗುಡ್ಡೆ ಹಾಕಿಕೊಳ್ಳಬೇಕಿಲ್ಲ.

'ಅಂಗವಿಕಲರೇ? ಹೌದಾದರೆ ವಿವರ' ಎಂಬ ಪ್ರಶ್ನೆಯನ್ನೂ ಬಹಳ ಮಂದಿ ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. 1995ರ ಕಾನೂನು ಏಳು ಬಗೆಯ ಅಂಗವಿಕಲತೆಗಳನ್ನು ಹೆಸರಿಸಿತ್ತು, 2016ರ ಕಾನೂನು ಅದನ್ನು ಇಪ್ಪತ್ತೊಂದಕ್ಕೆ ಏರಿಸಿತು. ಈ ಇಪ್ಪತ್ತೊಂದರಲ್ಲಿ ಯಾವುದು ಎಂದು ತಿಳಿದು ಸಂಘಟಕರು ಮಾಡುವುದೇನು? ಅವರು ಡಾಕ್ಟರಲ್ಲ. 'ನಿಮಗೇನಾಗಿದೆ?' ಎಂದು ಕೇಳುವ ಬದಲು 'ನಿಮಗೇನು ಬೇಕು?' ಎಂದು ಕೇಳಿದರೆ ಉತ್ತರ ನೇರವಾಗಿ ಕೆಲಸಕ್ಕೆ ಬರುತ್ತದೆ: ನೆಲಮಹಡಿಯ ಕೋಣೆ, ಗಾಲಿಕುರ್ಚಿಗೆ ಇಳಿಜಾರು, ಬರೆದುಕೊಡುವ ಸಹಾಯಕ, ದೊಡ್ಡಕ್ಷರದ ಪ್ರಶ್ನೆಪತ್ರಿಕೆ, ಮುಂದಿನ ಸಾಲಿನ ಕುರ್ಚಿ, ಸಂಜ್ಞಾಭಾಷೆ ಬಲ್ಲವರು. ಕಾಲು ಉಳುಕಿಸಿಕೊಂಡು ಬಂದವನೂ ಇದಕ್ಕೆ ಉತ್ತರಿಸಬಹುದು, ಯಾವ ಪಟ್ಟಿಗೂ ಸೇರದೆ.

ಆದರೆ ಇಲ್ಲೊಂದು ಎಚ್ಚರ. ಕೇಳಿದ ಮೇಲೆ ಮಾಡಲೇಬೇಕು. 'ನೆಲಮಹಡಿ ಬೇಕು' ಎಂದು ಬರೆದು, ಬಂದು ನೋಡಿದಾಗ ಎರಡನೇ ಮಹಡಿಯೇ ಕಾದಿದ್ದರೆ, ಕೇಳದೇ ಇದ್ದದ್ದಕ್ಕಿಂತ ಹೆಚ್ಚು ನೋವಾಗುತ್ತದೆ. ಮಾಡಲಾಗದ್ದನ್ನು ಮೊದಲೇ ಹೇಳಿಬಿಡುವುದು ಉತ್ತಮ. 'ಸ್ಪರ್ಧೆಗಳು ಎರಡನೇ ಮಹಡಿಯಲ್ಲಿ ನಡೆಯುತ್ತವೆ, ಲಿಫ್ಟ್ ಇಲ್ಲ. ಹತ್ತಲಾಗದವರು ಹತ್ತು ದಿನ ಮುಂಚೆ ತಿಳಿಸಿದರೆ ಅವರ ಸ್ಪರ್ಧೆಯನ್ನು ಕೆಳಗಿನ ಸಭಾಂಗಣಕ್ಕೆ ಬದಲಿಸುತ್ತೇವೆ.' ಕೇಳುವ ನಮೂನೆ ಹೀಗೆ ನಾಲ್ಕು ಮಾತು ಹೇಳುವುದನ್ನೂ ಕಲಿಯಬೇಕು. ವಸತಿ ಎಲ್ಲಿ, ಹಾಸಿಗೆ ಹೊದಿಕೆ ತರಬೇಕೇ, ಹುಡುಗಿಯರ ಜೊತೆ ರಾತ್ರಿ ಯಾರಿರುತ್ತಾರೆ? ತಾಯಂದಿರು ಮೊದಲು ಹುಡುಕುವುದು ಈ ಸಾಲುಗಳನ್ನೇ.

ಹೆಣ್ಣು, ಗಂಡು ಎಂಬ ಕಾಲಂ ಕೂಡ ವಸತಿಗಾಗಿಯೇ ಬೇಕಾಗಿರುವುದು. ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ತೃತೀಯ ಲಿಂಗಿಗಳನ್ನು ಮಾನ್ಯ ಮಾಡಿ ತೀರ್ಪು ಕೊಟ್ಟ ಮೇಲೆ 'ಇತರೆ' ಎಂಬ ಮೂರನೆಯ ಚೌಕ ಅನೇಕ ನಮೂನೆಗಳಿಗೆ ಬಂದಿದೆ. ಚೌಕ ಇಟ್ಟರಷ್ಟೇ ಸಾಲದು. ಅಲ್ಲಿ ಗುರುತು ಹಾಕಿದವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದನ್ನು ವಾರ್ಡನ್ ಜೊತೆ ಮೊದಲೇ ಮಾತಾಡಿರಬೇಕು. ರಾತ್ರಿ ಉಳಿಯದ ಒಂದು ದಿನದ ಗೋಷ್ಠಿಗೆ ಈ ಪ್ರಶ್ನೆಯೇ ಬೇಡ.

ಕೆಂಪು ನಕ್ಷತ್ರದ ಆಟ

ಕಾಗದದ ನಮೂನೆಯಲ್ಲಿ ಒಂದು ಸ್ವಾತಂತ್ರ್ಯವಿತ್ತು. ಇಷ್ಟವಿಲ್ಲದ ಗೆರೆಯನ್ನು ಖಾಲಿ ಬಿಟ್ಟು ಮುಂದೆ ಹೋಗಬಹುದಿತ್ತು. ಈಗ ಹೆಚ್ಚಿನ ಕಾಲೇಜುಗಳಲ್ಲಿ ನೋಂದಣಿ ನಡೆಯುವುದು ಮೊಬೈಲಿನಲ್ಲಿ, ಗೂಗಲ್ ಫಾರಂ ಮೂಲಕ. ಅಲ್ಲಿ ಪ್ರಶ್ನೆಯ ಪಕ್ಕದಲ್ಲೊಂದು ಕೆಂಪು ನಕ್ಷತ್ರ ಇಟ್ಟರೆ, ಉತ್ತರಿಸದೆ ಮುಂದೆ ಹೋಗುವಂತಿಲ್ಲ. ನಕ್ಷತ್ರ ಇಡುವುದು ಬೆರಳ ತುದಿಯ ಕೆಲಸವಾದ್ದರಿಂದ ಎಲ್ಲ ಪ್ರಶ್ನೆಗೂ ಇಟ್ಟುಬಿಡುವುದು ವಾಡಿಕೆ. ಪರಿಣಾಮ? ಇಷ್ಟವಿಲ್ಲದವರು ಒಂದು ಚುಕ್ಕೆ ಒತ್ತುತ್ತಾರೆ, 'ನಿಲ್' ಎನ್ನುತ್ತಾರೆ, ಫೋನ್ ಸಂಖ್ಯೆಯ ಜಾಗದಲ್ಲಿ ಹತ್ತು ಒಂಬತ್ತುಗಳನ್ನು ಕುಟ್ಟುತ್ತಾರೆ. ಖಾಲಿ ಗೆರೆ 'ಉತ್ತರ ಇಲ್ಲ' ಎಂದಾದರೂ ಹೇಳುತ್ತಿತ್ತು. ಕಡ್ಡಾಯದ ಗೆರೆ ಸುಳ್ಳು ಹೇಳಿಸುತ್ತದೆ. ಹೆಸರು, ಕಾಲೇಜು, ಯಾವ ಸ್ಪರ್ಧೆ, ತುರ್ತಿನ ಸಂಖ್ಯೆ ಇವುಗಳ ಆಚೆ ನಕ್ಷತ್ರಕ್ಕೆ ಕೆಲಸವಿರುವುದು ಅಪರೂಪ.

ಪ್ರಶ್ನೆಯ ಮಾತು ಬದಲಾದರೆ ಉತ್ತರವೂ ಬದಲಾಗುತ್ತದೆ ಎಂಬುದಕ್ಕೆ ಹಳೆಯದೊಂದು ಪುರಾವೆ ಇದೆ. ಡೊನಾಲ್ಡ್ ರಗ್ ಎಂಬುವರು ಅಮೆರಿಕದಲ್ಲಿ ನಡೆದ ಪ್ರಯೋಗವೊಂದನ್ನು 1941ರಲ್ಲಿ ಪ್ರಕಟಿಸಿದರು. ಪ್ರಜಾಪ್ರಭುತ್ವದ ವಿರುದ್ಧ ಸಾರ್ವಜನಿಕ ಭಾಷಣಗಳಿಗೆ ಅವಕಾಶ ಕೊಡಬೇಕೇ ಎಂದು ಕೇಳಿದಾಗ ನೂರಕ್ಕೆ 62 ಮಂದಿ ಕೊಡಬಾರದು ಎಂದರು. ಅಂಥ ಭಾಷಣಗಳನ್ನು ನಿಷೇಧಿಸಬೇಕೇ ಎಂದು ಬೇರೊಂದು ಗುಂಪನ್ನು ಕೇಳಿದಾಗ ಹೌದು ಎಂದವರು 46 ಮಂದಿ ಮಾತ್ರ. ಕೊಡಬಾರದು ಎನ್ನುವುದಕ್ಕೂ ನಿಷೇಧಿಸಬೇಕು ಎನ್ನುವುದಕ್ಕೂ ತರ್ಕದಲ್ಲಿ ವ್ಯತ್ಯಾಸವಿಲ್ಲ, ಕಿವಿಗೆ ಮಾತ್ರ ಇದೆ. 'ಭಾನುವಾರದ ಸಮಾರೋಪಕ್ಕೆ ತಪ್ಪದೆ ಹಾಜರಿರುತ್ತೀರಲ್ಲವೇ?' ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ, ಮಧ್ಯಾಹ್ನ ಎರಡಕ್ಕೇ ಬಸ್ ನಿಲ್ದಾಣ ತುಂಬಿರುತ್ತದೆ. 'ಭಾನುವಾರ ಎಷ್ಟು ಗಂಟೆಯ ಬಸ್ಸಿಗೆ ಹೊರಡುತ್ತೀರಿ?' ಎಂದು ಕೇಳಿದರೆ ನಿಜ ಹೊರಬರುತ್ತದೆ.

'ನಿರೀಕ್ಷೆಗಳೇನು?' ಎಂಬ ಪ್ರಬಂಧದ ಪ್ರಶ್ನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇನ್ನೂರು ಮಂದಿ ಬರೆದದ್ದನ್ನು ಓದುವವರು ಯಾರೂ ಇರುವುದಿಲ್ಲ, ಬರೆದವರಿಗೂ ಅದು ಗೊತ್ತಿರುತ್ತದೆ. ಬದಲಿಗೆ 'ಉಪನ್ಯಾಸಕರಿಗೆ ನೀವು ಕೇಳಬೇಕೆಂದಿರುವ ಒಂದು ಪ್ರಶ್ನೆ' ಎಂದಿಟ್ಟು, ಬಂದ ಪ್ರಶ್ನೆಗಳಲ್ಲಿ ಹತ್ತನ್ನು ವೇದಿಕೆಯ ಮೇಲೆ ಓದಿದರೆ ಮೇಳದ ಕಳೆಯೇ ಬೇರೆಯಾಗುತ್ತದೆ.

ಅಪ್ಪ ಅಮ್ಮ ಕೇಳಬೇಕಾದ್ದು

ಮಕ್ಕಳು ಮೊಬೈಲ್ ತಂದು 'ಅಮ್ಮಾ, ಇಲ್ಲಿ ನಿನ್ನ ಆಧಾರ್ ನಂಬರ್ ಹೇಳು' ಎಂದಾಗ ಮರುಮಾತಿಲ್ಲದೆ ಓದಿ ಹೇಳುವವರೇ ಹೆಚ್ಚು. 'ಯಾಕಂತೆ?' ಎಂದು ಒಂದು ಮಾತು ಕೇಳಿದರೆ ತಪ್ಪಿಲ್ಲ. ಹಾಗೆ ಕೇಳುವ ಹಕ್ಕಿನ ಹಿಂದೆ ಕನ್ನಡ ನಾಡಿನ ಹಿರಿಯರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿಷಯ ಹಿಡಿದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆಗ ಅವರದು ಎಂಬತ್ತು ದಾಟಿದ ವಯಸ್ಸು. ಆ ಮೊಕದ್ದಮೆಯಲ್ಲೇ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. 2018ರ ಸೆಪ್ಟೆಂಬರ್ 26ರ ತೀರ್ಪು, ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದಿತು. ಪ್ರವೇಶಕ್ಕೇ ಬೇಡವಾದದ್ದು ಪ್ರಬಂಧ ಸ್ಪರ್ಧೆಗೆ ಬೇಕೆನ್ನುವುದು ಅತಿರೇಕ.

2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಹೇಳಿದ ಉದ್ದೇಶಕ್ಕೆ ಅಗತ್ಯವಾದಷ್ಟೇ ಮಾಹಿತಿಗೆ ಒಪ್ಪಿಗೆ ಅನ್ವಯಿಸುತ್ತದೆ ಎಂಬುದು ಅದರ ತಿರುಳುಗಳಲ್ಲಿ ಒಂದು. ಹದಿನೆಂಟು ತುಂಬದವರ ಮಾಹಿತಿಗೆ ತಂದೆತಾಯಿಯ ಖಚಿತ ಒಪ್ಪಿಗೆ ಬೇಕೆಂಬುದು ಇನ್ನೊಂದು. 2025ರ ನವೆಂಬರ್‌ನಲ್ಲಿ ಇದರ ನಿಯಮಗಳು ಹೊರಬಿದ್ದವು, ಮುಖ್ಯ ಕಟ್ಟುಪಾಡುಗಳಿಗೆ ಹದಿನೆಂಟು ತಿಂಗಳ ಗಡುವನ್ನು ಇಡಲಾಯಿತು. ಕಾಗದದ ಮೇಲೆ ಬರೆಸಿಕೊಂಡರೂ ಅದನ್ನು ಕಂಪ್ಯೂಟರಿಗೆ ಏರಿಸಿದ ಕೂಡಲೇ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಪಿಯುಸಿ ಓದುವವರಲ್ಲಿ ಬಹುಪಾಲು ಹದಿನೆಂಟರ ಒಳಗಿನವರು ಎಂಬುದನ್ನು ವಿದ್ಯಾರ್ಥಿ ಸಂಘಗಳು ಮರೆಯುವಂತಿಲ್ಲ.

ಕಾನೂನಿಗಿಂತ ಹತ್ತಿರದ ಅಪಾಯ ಬೇರೆಯೇ ಇದೆ. ಭರ್ತಿಯಾದ ಫಾರಂಗಳ ಉತ್ತರಗಳೆಲ್ಲ ಒಂದು ದೊಡ್ಡ ಪಟ್ಟಿಯಾಗಿ ಕೂರುತ್ತವೆ. 'ಎಲ್ಲ ಸ್ವಯಂಸೇವಕರಿಗೂ ಕಾಣಲಿ' ಎಂದು ಆ ಪಟ್ಟಿಯ ಲಿಂಕನ್ನು ಯಾರೋ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಅಲ್ಲಿಂದ ಇನ್ನೊಂದು ಗುಂಪಿಗೆ. ಇನ್ನೂರು ಹುಡುಗಿಯರ, ಹುಡುಗರ ಹೆಸರು, ಊರು, ಫೋನ್ ಸಂಖ್ಯೆ, ಯಾವ ಬಸ್ಸಿಗೆ ಬರುತ್ತಾರೆ ಎಂಬುದರ ಸಮೇತ. ಮೇಳ ಮುಗಿದ ವಾರದಲ್ಲಿ ಅಪರಿಚಿತ ಸಂಖ್ಯೆಗಳಿಂದ ಬರುವ 'ಹಾಯ್' ಸಂದೇಶಗಳ ಮೂಲ ಎಷ್ಟೋ ಸಲ ಇದೇ. ಅಡುಗೆಯವರಿಗೆ ಎಲೆಯ ಲೆಕ್ಕ ಸಾಕು, ಹೆಸರು ಬೇಡ. ವಾರ್ಡನ್‌ಗೆ ಹೆಸರು ಬೇಕು, ಜನ್ಮದಿನಾಂಕ ಬೇಡ. ಪೂರ್ತಿ ಪಟ್ಟಿ ಅಧ್ಯಾಪಕರೊಬ್ಬರ ಬಳಿ ಇದ್ದು, ಉಳಿದವರಿಗೆ ಅವರವರ ತುಂಡು ಮಾತ್ರ ಹೋಗಬೇಕು. ನಮೂನೆಯ ತುದಿಯಲ್ಲೇ ಆ ಅಧ್ಯಾಪಕರ ಹೆಸರು, 'ಮೇಳ ಮುಗಿದ ಮೇಲೆ ಈ ಮಾಹಿತಿಯನ್ನು ಅಳಿಸಿಹಾಕುತ್ತೇವೆ' ಎಂಬ ಸಾಲು ಇದ್ದರೆ ಸಹಿ ಹಾಕುವ ತಂದೆಯ ಕೈ ತಡೆಯುವುದಿಲ್ಲ.

ಕರಡು ಮುಗಿಯಿತೇ? ಹಂಚುವ ಮೊದಲು ಐದಾರು ಮಂದಿಗೆ ಕೊಟ್ಟು ನೋಡಬೇಕು. ಸಂಘದ ಗೆಳೆಯರಿಗಲ್ಲ, ಅವರಿಗೆ ಎಲ್ಲ ಗೊತ್ತಿರುತ್ತದೆ. ಹಳ್ಳಿಯಿಂದ ಬಂದ ಮೊದಲ ವರ್ಷದ ವಿದ್ಯಾರ್ಥಿನಿ, ಕ್ಯಾಂಟೀನಿನ ಹುಡುಗ, ಯಾರದಾದರೂ ತಾಯಿ. ಅವರು ತುಂಬುವಾಗ ಪಕ್ಕದಲ್ಲಿ ಕೂತು ಬಾಯಿ ಬಿಡದೆ ನೋಡಬೇಕು. ಪೆನ್ನು ಎಲ್ಲಿ ನಿಲ್ಲುತ್ತದೋ ಅಲ್ಲಿ ಪ್ರಶ್ನೆ ಕೆಟ್ಟಿದೆ, ತುಂಬುವವರು ಕೆಟ್ಟಿಲ್ಲ. 'ಅದರ ಅರ್ಥ ಏನಂದ್ರೆ...' ಎಂದು ವಿವರಿಸುವ ಚಪಲವನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟ. ಆ ದಿನ ವಿವರಿಸಲು ಎಲ್ಲ ಮನೆಗೂ ಕಾರ್ಯದರ್ಶಿ ಹೋಗಲಾಗುವುದಿಲ್ಲವಲ್ಲ!

ಮೇಳ ಮುಗಿದ ಮೇಲೆ ಶಾಮಿಯಾನ ಬಿಚ್ಚುತ್ತಾರೆ, ಪಾತ್ರೆ ಲೆಕ್ಕ ಮಾಡುತ್ತಾರೆ. ಕಾಗದದ ನಮೂನೆಗಳ ಕಟ್ಟು ಮಾತ್ರ ಸ್ಟಾಫ್ ರೂಮಿನ ಬೀರುವಿನ ಮೇಲೆ ವರ್ಷಗಟ್ಟಲೆ ಧೂಳು ತಿನ್ನುತ್ತದೆ. ಕೊನೆಗೊಂದು ದಿನ ಕಿಲೋ ಲೆಕ್ಕದಲ್ಲಿ ರದ್ದಿಗೆ. ಸಂತೆಯಲ್ಲಿ ಬಿಸಿ ಕಡಲೆಕಾಯಿ ತಿಂದು ಮುಗಿಸಿ ಪೊಟ್ಟಣ ಬಿಚ್ಚಿ ನೋಡಿದರೆ ಯಾವುದೋ ಹುಡುಗಿಯ ಹೆಸರು, ಮನೆಯ ವಿಳಾಸ, ಅಪ್ಪನ ಆದಾಯ! ಪ್ರಮಾಣಪತ್ರ ಪಡೆದವರ ಪಟ್ಟಿಯೊಂದನ್ನು ಇಟ್ಟುಕೊಂಡು ಉಳಿದದ್ದನ್ನು ಹರಿದು ಹಾಕುವ ಕೆಲಸ ಯಾರದು ಎಂಬುದೂ ಮೊದಲ ಸಭೆಯಲ್ಲೇ ತೀರ್ಮಾನವಾಗಬೇಕು.

ಒಂದೇ ಒಂದು ಖಾಲಿ ನಮೂನೆಯನ್ನು ಮಾತ್ರ ಮುಂದಿನ ವರ್ಷದ ಕಾರ್ಯದರ್ಶಿಗೆಂದು ತೆಗೆದಿಡುವುದು ಒಳ್ಳೆಯದು, ಅಂಚಿನಲ್ಲಿ ಪೆನ್ಸಿಲಿನ ಗೀಚುಗಳ ಸಮೇತ: 'ರಾತ್ರಿ ಊಟಕ್ಕೆ ಬರೆದದ್ದಕ್ಕಿಂತ ಹೆಚ್ಚು ಮಂದಿ ಬಂದರು, ಚೌಕಗಳು ಚಿಕ್ಕದಾಗಿದ್ದವು.' 'ಐದನೇ ಪ್ರಶ್ನೆಯನ್ನು ಯಾರೂ ಓದಲಿಲ್ಲ, ತೆಗೆಯಿರಿ.' 'ಬಸ್ಸಿನ ಸಮಯ ಕೇಳಿದ್ದು ಬಹಳ ಉಪಯೋಗವಾಯಿತು.' 'ಕ್ಯಾಲಿಪರ್ ಹುಡುಗ ಕೆಳಗಿನ ಸಭಾಂಗಣದಲ್ಲಿ ಆಡಿದ. ಎರಡನೇ ಬಹುಮಾನ.'